ಹಂದಿ ಫಾರಂನಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ: ಸಾಕುವವರು ಏನು ಮಾಡಬೇಕು?

ಹಂದಿ ಸಾಕುವವರು ಕೇಳುವ ಪ್ರಶ್ನೆಗಳು ಹೆಚ್ಚೂಕಮ್ಮಿ ಮೂರೇ. ಮರಿಗಳಿಗೆ ಭೇದಿ ಹತ್ತಿದೆ, ಯಾವ ಇಂಜೆಕ್ಷನ್ ಹಾಕಿಸಲಿ? ಹೋದ ವರ್ಷ ಕೆಲಸ ಮಾಡಿದ ಔಷಧಿ ಈ ವರ್ಷ ಯಾಕೆ ಹಿಡಿಯುತ್ತಿಲ್ಲ? ಹಂದಿಯಿಂದ ಮನುಷ್ಯರಿಗೆ ಯಾವ ಔಷಧಿಗೂ ಬಗ್ಗದ ರೋಗಾಣು ಬರುತ್ತಂತೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಭಯ ಪಡಬೇಕಾ?

ಮೊದಲ ಪ್ರಶ್ನೆಗೆ ಒಂದು ಬಾಟಲಿಯ ಹೆಸರು ಹೇಳಿ ಕಳಿಸಿಬಿಟ್ಟರೆ ಉಳಿದ ಎರಡು ಪ್ರಶ್ನೆ ಅದರ ಹಿಂದೆಯೇ ಬರುತ್ತವೆ. ಹಾಗಾಗಿ ಇಲ್ಲಿ ಇಂಜೆಕ್ಷನ್ ಹೆಸರು ಹುಡುಕಬೇಡಿ. ಮರಿಗಳ ಭೇದಿಯಲ್ಲಿ ಬಹುಪಾಲು ಶುರುವಾಗುವುದು ತಣ್ಣನೆಯ ನೆಲ, ಅವಸರದಲ್ಲಿ ಹಾಲು ಬಿಡಿಸಿದ್ದು, ಕೊಳಕು ನೀರು ಇವುಗಳಿಂದ. ಇವನ್ನು ಸರಿಮಾಡದೆ ಆಂಟಿಬಯೋಟಿಕ್ ಹಾಕುತ್ತಾ ಹೋದರೆ ಅದು ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟ ಹಾಗೆ. ಹತ್ತರಿಂದ ನೂರು ಹಂದಿ ಇಟ್ಟುಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆದಿದ್ದೇನೆ. ದೊಡ್ಡ ಫಾರಂನವರಿಗೂ ಹೊಂದುತ್ತದೆ.

ಮೊದಲು, ಈ ಬ್ಯಾಕ್ಟೀರಿಯಾ ಯಾವುದು?

ಆಂಟಿಬಯೋಟಿಕ್ ಎಂದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಅಥವಾ ಬೆಳೆಯದಂತೆ ತಡೆಯುವ ಔಷಧಿ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಕೊಟ್ಟಾಗ ಅದಕ್ಕೆ ಸಾಯುವವು ಸಾಯುತ್ತವೆ. ತಡೆದುಕೊಳ್ಳುವ ಗುಣ ಇದ್ದವು ಉಳಿದು ಹೆಚ್ಚುತ್ತವೆ. ಈ ಗುಣ ಬರುವುದು ಜೀನ್‌ನಿಂದ. ಕೆಲವು ಜೀನ್‌ಗಳು ಒಂದು ಬ್ಯಾಕ್ಟೀರಿಯಾದಿಂದ ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟುತ್ತವೆ.

ಹಂದಿ ವಿಷಯದಲ್ಲಿ ನೀವು ಎರಡು ಹೆಸರು ತಿಳಿದಿದ್ದರೆ ಸಾಕು. ಒಂದು ಎಂಆರ್‌ಎಸ್‌ಎ. ಇದು ಮೂಗಿನಲ್ಲಿ, ಚರ್ಮದ ಮೇಲೆ ಕೂರುವ ಸ್ಟ್ಯಾಫಿಲೊಕಾಕಸ್ ಜಾತಿಯದು, ಪೆನಿಸಿಲಿನ್ ಗುಂಪಿನ ಔಷಧಿಗಳಿಗೆ ಬಗ್ಗುವುದಿಲ್ಲ. ಇನ್ನೊಂದು ಕರುಳಿನಲ್ಲಿರುವ ಇ. ಕೋಲಿ. ಮರಿಗಳ ಭೇದಿಗೆ ಬಹಳ ಸಲ ಇದರ ಕೆಲವು ತಳಿಗಳು ಕಾರಣ.

ಎಂಆರ್‌ಎಸ್‌ಎ ಹೊತ್ತ ಹಂದಿ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಮೇಯುತ್ತದೆ, ತೂಕ ಬರುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. 2004ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರು ತಿಂಗಳ ಹೆಣ್ಣು ಮಗುವನ್ನು ಆಪರೇಷನ್‌ಗೆ ಸೇರಿಸುವ ಮುಂಚೆ ಮಾಮೂಲಿ ಪರೀಕ್ಷೆ ಮಾಡಿದಾಗ ಅದರ ಮೈಯಲ್ಲಿ ಎಂಆರ್‌ಎಸ್‌ಎ ಸಿಕ್ಕಿತು. ಅಪ್ಪ ಅಮ್ಮ ಹಂದಿ ಸಾಕುವವರು. ಮೂಲ ಹುಡುಕುತ್ತಾ ಹೋದ ವೈದ್ಯರು ಆ ಭಾಗದ 26 ಹಂದಿ ಸಾಕಣೆಗಾರರನ್ನು ಪರೀಕ್ಷಿಸಿದರು. 6 ಜನರಲ್ಲಿ ಎಂಆರ್‌ಎಸ್‌ಎ ಇತ್ತು. ಆ ದೇಶದ ಆಸ್ಪತ್ರೆಗಳಿಗೆ ದಾಖಲಾಗುವ ರೋಗಿಗಳಿಗೆ ಹೋಲಿಸಿದರೆ ಇದು 760 ಪಟ್ಟಿಗಿಂತ ಜಾಸ್ತಿ. ಮುಂದೆ ಕಸಾಯಿಖಾನೆಗೆ ಬಂದ ಹಂದಿಗಳನ್ನೇ ನೋಡಿದಾಗ ನೂರಕ್ಕೆ 39ರಲ್ಲಿ ಅದೇ ಕಂಡಿತು. ಎಸ್‌ಟಿ398 ಎಂದು ಗುರುತಿಸುವ ತಳಿ ಅದು. ಡೆನ್ಮಾರ್ಕ್‌ನಲ್ಲಿ 2018ರ ಹೊತ್ತಿಗೆ ಸುಮಾರು ಹತ್ತರಲ್ಲಿ ಒಂಬತ್ತು ಹಂದಿ ಫಾರಂಗಳಿಗೆ ಅದು ಹರಡಿತ್ತು.

ಕಸಾಯಿಖಾನೆಯವರಿಗಿಂತ, ತಿನ್ನುವವರಿಗಿಂತ ಮೊದಲು ಈ ಬ್ಯಾಕ್ಟೀರಿಯಾ ಹತ್ತುವುದು ದಿನಾ ಗೂಡಿನೊಳಗೆ ಹೋಗಿ ಬರುವವರಿಗೆ. ಅಂದರೆ ನಿಮಗೆ, ನಿಮ್ಮ ಕೆಲಸದವರಿಗೆ. ಔಷಧಿ ಕಡಿಮೆ ಮಾಡಿ ಎನ್ನುವುದನ್ನು ಪೇಟೆಯ ಗಿರಾಕಿಗಾಗಿ ಮಾಡುವ ಉಪಕಾರ ಎಂದುಕೊಂಡವರು ಇದನ್ನು ಇನ್ನೊಮ್ಮೆ ಓದಿ.

ಹಂತ 1: ಫಾರಂನಲ್ಲಿರುವ ಔಷಧಿ ಎಲ್ಲಾ ಹೊರಗೆ ತೆಗೆಯಿರಿ

ಗೂಡಿನ ಮೂಲೆಯ ಕಿಟಕಿ ಕಟ್ಟೆ, ಹಿಂಡಿ ಮೂಟೆ ಇಡುವ ಕೋಣೆ, ಮನೆಯ ಫ್ರಿಜ್ಜಿನ ಬಾಗಿಲು. ಎಲ್ಲಾ ಕಡೆಯಿಂದ ತಂದು ಒಂದು ಗೋಣಿ ಮೇಲೆ ಹರಡಿ. ಬಹಳ ಫಾರಂಗಳಲ್ಲಿ ಸಿಗುವ ದೃಶ್ಯ ಒಂದೇ: ಅರ್ಧ ಖಾಲಿಯಾದ ಬಾಟಲಿ, ಲೇಬಲ್ ನೆನೆದು ಅಕ್ಷರ ಅಳಿಸಿದೆ, ರಬ್ಬರ್ ಮುಚ್ಚಳಕ್ಕೆ ಚುಚ್ಚಿದ ಸೂಜಿ ಹಾಗೇ ನಿಂತಿದೆ. ಅಂಥದ್ದನ್ನು ಮತ್ತೆ ಬಳಸಬೇಡಿ. ತಾರೀಕು ಮುಗಿದದ್ದು, ಹೆಸರು ಕಾಣದ್ದು ಎಲ್ಲಾ ಒಂದು ಡಬ್ಬಿಗೆ ಹಾಕಿ ಪಶು ಆಸ್ಪತ್ರೆಗೆ ಒಯ್ದು ಹೇಗೆ ವಿಲೇವಾರಿ ಮಾಡಬೇಕು ಎಂದು ಕೇಳಿ. ಹಳ್ಳಕ್ಕೆ, ಗೊಬ್ಬರದ ಗುಂಡಿಗೆ ಸುರಿಯಬೇಡಿ.

ಉಳಿದದ್ದರ ಹೆಸರನ್ನು ಒಂದು ನೋಟ್‌ಬುಕ್ಕಿಗೆ ಬರೆಯಿರಿ. ಕಂಪನಿ ಹೆಸರಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು. ಹಿಂಡಿ ಮೂಟೆಯ ಲೇಬಲ್ಲೂ ಓದಬೇಕು. ಹಿಂಡಿಗೆ ಬೆರೆಸುವ 'ತೂಕ ಬರುವ ಪುಡಿ' ಪ್ಯಾಕೆಟ್‌ನಲ್ಲಿ ಟೆಟ್ರಾಸೈಕ್ಲಿನ್, ಟೈಲೋಸಿನ್ ಎಂಬ ಹೆಸರು ಕಂಡರೆ ಅದು ಆಂಟಿಬಯೋಟಿಕ್. ಟಾನಿಕ್ ಅಂತ ಹೇಳಿ ಕೊಟ್ಟಿದ್ದರೂ ಅಷ್ಟೇ.

ಕೊಲಿಸ್ಟಿನ್ ಎಂಬ ಹೆಸರು ಕಂಡರೆ ಅಲ್ಲೇ ನಿಲ್ಲಿಸಿ. ಬೇರೆ ಯಾವ ಔಷಧಿಯೂ ನಾಟದ ರೋಗಿಗಳಿಗೆ ಐಸಿಯುನಲ್ಲಿ ಕೊನೆಗೆ ಕೊಡುವ ಔಷಧಿ ಅದು. ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತೆ ಮಾಡುವ ಎಂಸಿಆರ್-1 ಎಂಬ ಜೀನ್ 2015ರಲ್ಲಿ ಚೀನಾದಲ್ಲಿ ಪತ್ತೆಯಾಯಿತು. ಮೊದಲು ಸಿಕ್ಕಿದ್ದು ಹಂದಿ ಫಾರಂನ ಇ. ಕೋಲಿಯಲ್ಲಿ. ಅಲ್ಲಿ ಹಂದಿ ಮೇವಿಗೆ ಕೊಲಿಸ್ಟಿನ್ ಬೆರೆಸುವುದು ಮಾಮೂಲಿಯಾಗಿತ್ತು. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುವ ಜೀನ್ ಅದು. ಚೀನಾ 2017ರಲ್ಲಿ ಮೇವಿಗೆ ಬೆರೆಸುವುದನ್ನು ನಿಲ್ಲಿಸಿತು. ಭಾರತದಲ್ಲಿ 2019ರ ಜುಲೈನಿಂದ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದು, ಅದಕ್ಕಾಗಿ ಮಾರುವುದು ನಿಷೇಧ.

ಹಂತ 2: ದಿನಾ ಕೊಡುವ ಪುಡಿ ನಿಲ್ಲಿಸಿ, ಆದರೆ ಸರಿಯಾದ ಕ್ರಮದಲ್ಲಿ

ರೋಗ ಇಲ್ಲದ ಹಂದಿಗೆ ಬೇಗ ಬೆಳೆಯಲಿ ಎಂದು ಸ್ವಲ್ಪ ಸ್ವಲ್ಪ ಆಂಟಿಬಯೋಟಿಕ್ ತಿನ್ನಿಸುವುದೇ ಬ್ಯಾಕ್ಟೀರಿಯಾಕ್ಕೆ ಒಳ್ಳೇ ತರಬೇತಿ. ಸಾಯುವಷ್ಟು ಸಿಗುವುದಿಲ್ಲ, ತಡೆದುಕೊಳ್ಳುವುದನ್ನು ಕಲಿಯುವಷ್ಟು ಸಿಗುತ್ತದೆ. ಸ್ವೀಡನ್ 1986ರಲ್ಲೇ ಇದನ್ನು ನಿಲ್ಲಿಸಿತು. ಯುರೋಪ್ ಒಕ್ಕೂಟ 2006ರಿಂದ ಪೂರ್ತಿ ನಿಲ್ಲಿಸಿತು.

ಡೆನ್ಮಾರ್ಕ್‌ನ ಅನುಭವದಿಂದ ನಾವು ಕಲಿಯುವುದು ಬಹಳ ಇದೆ. ಅಲ್ಲಿ ದೊಡ್ಡ ಹಂದಿಗಳಿಗೆ ಪುಡಿ ನಿಲ್ಲಿಸಿದಾಗ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ಹಾಲು ಬಿಟ್ಟ ಮರಿಗಳಿಗೆ ನಿಲ್ಲಿಸಿದಾಗ ಮಾತ್ರ ಸ್ವಲ್ಪ ಕಾಲ ಭೇದಿ ಜಾಸ್ತಿಯಾಯಿತು, ಚಿಕಿತ್ಸೆಗೆ ಔಷಧಿ ಬಳಕೆಯೂ ಏರಿತು. ಆಮೇಲೆ ಮರಿಗಳ ಆರೈಕೆ ಬದಲಾದ ಮೇಲೆ ಎಲ್ಲಾ ಹತೋಟಿಗೆ ಬಂತು. 1992ರಿಂದ 2008ರ ಹೊತ್ತಿಗೆ ಒಂದು ಕಿಲೋ ಹಂದಿ ಮಾಂಸಕ್ಕೆ ಬೀಳುತ್ತಿದ್ದ ಆಂಟಿಬಯೋಟಿಕ್ ಅರ್ಧಕ್ಕೆ ಇಳಿಯಿತು. ಅದೇ ಹೊತ್ತಿನಲ್ಲಿ ಮಾಂಸದ ಉತ್ಪಾದನೆ ಏರುತ್ತಲೇ ಹೋಯಿತು.

ಆದ್ದರಿಂದ ಕ್ರಮ ಹೀಗಿರಲಿ: ನಾಲ್ಕು ತಿಂಗಳು ದಾಟಿದ ಹಂದಿಗಳಿಗೆ ಇವತ್ತೇ ನಿಲ್ಲಿಸಿ. ಹಾಲು ಬಿಟ್ಟ ಮರಿಗಳಿಗೆ ನಿಲ್ಲಿಸುವ ಮುಂಚೆ ಹಂತ 3 ಮತ್ತು 4 ಮುಗಿಸಿ. ಜನ ಸೋಲುವುದು ಇಲ್ಲೇ. ಉತ್ಸಾಹದಲ್ಲಿ ಎಲ್ಲಾ ಒಂದೇ ದಿನ ನಿಲ್ಲಿಸುತ್ತಾರೆ, ವಾರದಲ್ಲಿ ಮರಿಗಳು ಭೇದಿಗೆ ಬೀಳುತ್ತವೆ, 'ಔಷಧಿ ಇಲ್ಲದೆ ಆಗೋದಿಲ್ಲ' ಎಂದು ಮೊದಲಿಗಿಂತ ಜಾಸ್ತಿ ಹಾಕಲು ಶುರು ಮಾಡುತ್ತಾರೆ.

ಹಂತ 3: ಮರಿ ಹುಟ್ಟಿದ ದಿನದಿಂದ ಹಾಲು ಬಿಡುವವರೆಗೆ

ನಿಮ್ಮ ಸಮಯ, ಹಣ ಎರಡನ್ನೂ ಜಾಸ್ತಿ ಇಲ್ಲಿಗೇ ಹಾಕಿ.

ಗಿಣ್ಣು ಹಾಲು ಮೊದಲು. ಮನುಷ್ಯರ ಮಗುವಿಗೆ ಗರ್ಭದಲ್ಲೇ ತಾಯಿಯಿಂದ ರೋಗ ತಡೆಯುವ ಶಕ್ತಿ ಒಂದಿಷ್ಟು ಬರುತ್ತದೆ. ಹಂದಿಮರಿಗೆ ಹಾಗೆ ಬರುವುದಿಲ್ಲ. ಗಿಣ್ಣಿನಿಂದಲೇ ಬರಬೇಕು. ಆ ಶಕ್ತಿಯನ್ನು ಕರುಳು ಹೀರಿಕೊಳ್ಳುವುದು ಹುಟ್ಟಿದ ಒಂದು ದಿನದವರೆಗೆ ಮಾತ್ರ, ಅದರಲ್ಲೂ ಮೊದಲ ಆರು ಗಂಟೆ ಮುಖ್ಯ. ಹತ್ತು ಹನ್ನೆರಡು ಮರಿ ಹಾಕಿದಾಗ ದಪ್ಪ ಮರಿಗಳು ಮುಂದಿನ ಮೊಲೆ ಹಿಡಿದುಬಿಡುತ್ತವೆ, ಸಣ್ಣವು ಹೊರಗೆ ಉಳಿಯುತ್ತವೆ. ಹೊಟ್ಟೆ ತುಂಬಿದ ದಪ್ಪ ಮರಿಗಳನ್ನು ಒಂದು ಗಂಟೆ ಬೆಚ್ಚಗಿನ ಬುಟ್ಟಿಯಲ್ಲಿಟ್ಟು ಸಣ್ಣವಕ್ಕೆ ಮೊಲೆ ಬಿಟ್ಟುಕೊಡಿ. ಇದಕ್ಕೆ ಖರ್ಚಿಲ್ಲ. ರಾತ್ರಿ ಎದ್ದು ಕೂರಬೇಕು ಅಷ್ಟೇ.

ಎರಡನೆಯದು ಬಿಸಿ. ಹುಟ್ಟಿದ ಮರಿಗೆ 32ರಿಂದ 34 ಡಿಗ್ರಿ ಸೆಲ್ಸಿಯಸ್ ಬೇಕು. ತಾಯಿಗೆ 20 ಡಿಗ್ರಿ ಆಸುಪಾಸು ಹಿತ. ಇಡೀ ಗೂಡನ್ನು ಬಿಸಿ ಮಾಡಿದರೆ ತಾಯಿ ಬಳಲುತ್ತದೆ, ಹಾಲು ಕಡಿಮೆಯಾಗುತ್ತದೆ. ಆದ್ದರಿಂದ ಮೂಲೆಯಲ್ಲಿ ಮರಿಗಳಷ್ಟೇ ನುಸುಳುವಂತೆ ಹಲಗೆ ಅಡ್ಡ ಹಾಕಿ, ಒಣ ಹುಲ್ಲು ಹಾಸಿ, ಮೇಲೆ ಬಲ್ಬ್ ಕಟ್ಟಿ. ಬಲ್ಬ್ ಹುಲ್ಲಿಗೆ ತಾಗದ ಎತ್ತರದಲ್ಲಿ, ಕಬ್ಬಿಣದ ಸರಪಳಿಯಲ್ಲಿ ಇರಲಿ. ಹಗ್ಗದಲ್ಲಿ ಕಟ್ಟಬೇಡಿ, ಬೆಂಕಿ ಹತ್ತುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಒಂದರ ಮೇಲೊಂದು ಗುಡ್ಡೆ ಬಿದ್ದಿದ್ದರೆ ಚಳಿ. ಬಲ್ಬಿನಿಂದ ದೂರ ಚದುರಿ ಏದುಸಿರು ಬಿಡುತ್ತಿದ್ದರೆ ಸೆಕೆ. ಪಕ್ಕಪಕ್ಕ ಕಾಲು ಚಾಚಿ ಮಲಗಿದ್ದರೆ ಸರಿ ಇದೆ. ಕೊಡಗು, ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ಏನು ಮಾಡುವುದು ಎಂದು ಮೊದಲೇ ಯೋಚಿಸಿಟ್ಟುಕೊಳ್ಳಿ. ಒಣ ಹುಲ್ಲು ದಪ್ಪಗೆ ಹಾಕಿ, ಮೇಲೆ ಗೋಣಿ ಇಳಿಬಿಟ್ಟರೆ ಒಂದು ರಾತ್ರಿ ದಾಟುತ್ತದೆ.

ಮೂರನೇ ದಿನದ ಹೊತ್ತಿಗೆ ಕಬ್ಬಿಣದ ಇಂಜೆಕ್ಷನ್. ತಾಯಿ ಹಾಲಿನಲ್ಲಿ ಕಬ್ಬಿಣ ಕಡಿಮೆ, ಸಿಮೆಂಟ್ ನೆಲದಲ್ಲಿ ಮಣ್ಣು ಕೆದಕಲೂ ಆಗುವುದಿಲ್ಲ. ಸಾಮಾನ್ಯವಾಗಿ ಒಂದು ಮರಿಗೆ 200 ಮಿಲಿಗ್ರಾಂ. ಇದು ಆಂಟಿಬಯೋಟಿಕ್ ಅಲ್ಲ, ಇದನ್ನು ಬಿಡಬೇಡಿ. ರಕ್ತ ಕಡಿಮೆಯಾಗಿ ಬಿಳಿಚಿಕೊಂಡ ಮರಿಗೇ ಭೇದಿ ಮೊದಲು ಹತ್ತುವುದು.

ಇನ್ನು ಹಾಲು ಬಿಡಿಸುವುದು. ಯುರೋಪಿನಲ್ಲಿ ಮೂರರಿಂದ ನಾಲ್ಕು ವಾರಕ್ಕೆ ಬಿಡಿಸುತ್ತಾರೆ. ಅದನ್ನು ವಿಡಿಯೋದಲ್ಲಿ ನೋಡಿ ಇಲ್ಲೂ ನಾಲ್ಕು ವಾರಕ್ಕೆ ಬಿಡಿಸುವವರಿದ್ದಾರೆ, ತಾಯಿ ಬೇಗ ಮತ್ತೆ ಬೆದೆಗೆ ಬರಲಿ ಎಂದು. ಅವರ ಹಾಗೆ ಬಿಸಿ ನೆಲ, ಮರಿಗಳಿಗೇ ಬೇರೆ ಮೇವು ನಿಮ್ಮಲ್ಲಿ ಇಲ್ಲದಿದ್ದರೆ ಆ ದಾರಿ ಬೇಡ. ಆರರಿಂದ ಎಂಟು ವಾರ ನಮ್ಮ ಸಣ್ಣ ಫಾರಂಗಳಿಗೆ ಹೊಂದುತ್ತದೆ. ವರ್ಷಕ್ಕೆ ಸಿಗುವ ಮರಿಗಳ ಲೆಕ್ಕ ಸ್ವಲ್ಪ ಕಡಿಮೆ ಆಗಬಹುದು, ಬದುಕುವ ಮರಿಗಳ ಲೆಕ್ಕ ಹಾಕಿ ನೋಡಿ.

ಬಿಡಿಸುವಾಗ ಈ ನಾಲ್ಕು ನೆನಪಿರಲಿ:

- ತಾಯಿಯನ್ನು ಬೇರೆ ಕಡೆ ಒಯ್ಯಿರಿ. ಮರಿಗಳು ಒಂದು ವಾರ ಹುಟ್ಟಿದ ಗೂಡಿನಲ್ಲೇ ಇರಲಿ.
- ಬೇರೆ ಬೇರೆ ತಾಯಿಯ ಮರಿಗಳನ್ನು ಅದೇ ದಿನ ಒಟ್ಟಿಗೆ ಬಿಡಬೇಡಿ. ಕಚ್ಚಾಡುತ್ತವೆ, ಬೆದರುತ್ತವೆ, ಒಂದರ ರೋಗಾಣು ಎಲ್ಲಕ್ಕೂ ಹತ್ತುತ್ತದೆ.
- ಎರಡನೇ ವಾರದಿಂದಲೇ ಮರಿಗಳಿಗೆ ನುಣ್ಣಗಿನ ಹಿಂಡಿಯ ರುಚಿ ತೋರಿಸಿ. ಹಾಲು ಬಿಟ್ಟ ಮೊದಲ ವಾರ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪವೇ ಹಾಕಿ. ಹಸಿದ ಮರಿ ಒಂದೇ ಸಲ ಗಬಗಬ ತಿಂದರೆ ಮರುದಿನ ಭೇದಿ.
- ನೀರಿನ ನಿಪ್ಪಲ್‌ಗೆ ಕೈ ಒಡ್ಡಿ ನೋಡಿ. ಪಾಚಿ ಕಟ್ಟಿ ತೊಟ್ಟಿಕ್ಕುತ್ತಿದ್ದರೆ ಮರಿ ಕುಡಿಯುವುದನ್ನೇ ಬಿಡುತ್ತದೆ. ಮೇಲಿನ ಟ್ಯಾಂಕ್ ಒಳಗೂ ಒಮ್ಮೆ ಇಣುಕಿ ನೋಡಿ.

ಆಂಟಿಬಯೋಟಿಕ್ ಬದಲು ಜಿಂಕ್ ಆಕ್ಸೈಡ್ ಪುಡಿ ಜಾಸ್ತಿ ಹಾಕಿದರೆ ಆಗಲ್ವಾ ಎಂದು ಕೇಳುತ್ತಾರೆ. ಭೇದಿ ನಿಲ್ಲುತ್ತದೆ, ನಿಜ. ಯುರೋಪಿನಲ್ಲಿ ವರ್ಷಗಟ್ಟಲೆ ಅದನ್ನೇ ಮಾಡಿದರು. ಆದರೆ ಹಂದಿಗಳ ಎಂಆರ್‌ಎಸ್‌ಎಯಲ್ಲಿ ಜಿಂಕ್ ತಡೆದುಕೊಳ್ಳುವ ಜೀನೂ ಇರುವುದು ಕಂಡುಬಂದಿದೆ. ಹಾಗಾಗಿ ಜಿಂಕ್ ಸುರಿದಷ್ಟೂ ಅದು ಉಳಿದುಕೊಳ್ಳಲು ಅನುಕೂಲ. ಗೊಬ್ಬರದ ಮೂಲಕ ಜಿಂಕ್ ಮಣ್ಣಿನಲ್ಲೂ ಸೇರಿಕೊಳ್ಳುತ್ತದೆ. 2022ರ ಜೂನ್‌ನಿಂದ ಅಲ್ಲಿ ಔಷಧಿಯ ಪ್ರಮಾಣದಲ್ಲಿ ಜಿಂಕ್ ಆಕ್ಸೈಡ್ ಕೊಡುವುದು ನಿಂತಿದೆ. ನಾವು ಅವರು ಬಿಟ್ಟ ದಾರಿ ಹಿಡಿಯುವುದು ಯಾಕೆ?

ಹಂತ 4: ಗೂಡು ಖಾಲಿ ಮಾಡಿ ತೊಳೆಯಿರಿ

ಒಂದು ಗುಂಪಿನ ಹಂದಿಗಳು ಒಟ್ಟಿಗೆ ಒಳಗೆ, ಒಟ್ಟಿಗೆ ಹೊರಗೆ. ನಡುವೆ ಗೂಡು ಪೂರ್ತಿ ಖಾಲಿ. ನಾಲ್ಕು ಕೋಣೆ ಇದ್ದರೆ ಒಂದೊಂದಾಗಿ ಹೀಗೆ ಮಾಡಬಹುದು.

ಕ್ರಮ ತಪ್ಪಬಾರದು. ಮೊದಲು ಸಗಣಿ, ಹುಲ್ಲು ಕೆರೆದು ತೆಗೆಯಿರಿ. ಆಮೇಲೆ ಸೋಪಿನ ನೀರು ಹಾಕಿ ಅರ್ಧ ಗಂಟೆ ನೆನೆಯಲು ಬಿಟ್ಟು ಉಜ್ಜಿ ತೊಳೆಯಿರಿ. ಒಣಗಲಿ. ಆಮೇಲೆ ಕ್ರಿಮಿನಾಶಕ ಸಿಂಪಡಿಸಿ, ಮತ್ತೆ ಒಣಗಲಿ. ಗೋಡೆಗೆ ಸುಣ್ಣ ಬಳಿಯಿರಿ. ಐದಾರು ದಿನ ಖಾಲಿ ಬಿಡಿ. ಬಹಳ ಜನ ಸಗಣಿ ಮೇಲೆಯೇ ಬ್ಲೀಚಿಂಗ್ ನೀರು ಸುರಿದು ವಾಸನೆ ಬಂತು, ಶುದ್ಧವಾಯಿತು ಎಂದುಕೊಳ್ಳುತ್ತಾರೆ. ಸಗಣಿ ಇದ್ದ ಕಡೆ ಅದರ ಶಕ್ತಿ ಅಲ್ಲೇ ಮುಗಿಯುತ್ತದೆ, ಬ್ಯಾಕ್ಟೀರಿಯಾ ಅಡಿಯಲ್ಲಿ ಹಾಗೇ ಇರುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್ ಅಥವಾ ಬೇರೆ ಕ್ಲೀನರ್ ಬೆರೆಸಬೇಡಿ, ವಿಷ ಗಾಳಿ ಏಳುತ್ತದೆ.

ಪ್ರೆಷರ್ ಪಂಪ್ ಹಿಡಿದು ತೊಳೆಯುವವರು ಮಾಸ್ಕ್ ಹಾಕಲೇಬೇಕು. ಎಂಆರ್‌ಎಸ್‌ಎ ಗೂಡಿನ ಧೂಳಿನಲ್ಲಿ ಕೂತಿರುತ್ತದೆ. ಹಂದಿ ಮುಟ್ಟದವರಿಗೂ ಧೂಳಿನ ಮೂಲಕ ಮೂಗಿಗೆ ಸೇರುತ್ತದೆ.

ಹಂತ 5: ಹೊಸ ಹಂದಿ, ಹೋಟೆಲ್ ಮುಸುರೆ, ಲಸಿಕೆ

ಯುರೋಪಿನಲ್ಲಿ ಎಂಆರ್‌ಎಸ್‌ಎ ಒಂದು ಫಾರಂನಿಂದ ಇನ್ನೊಂದಕ್ಕೆ ಹೋದದ್ದು ಮುಖ್ಯವಾಗಿ ಕೊಂಡು ತಂದ ಹಂದಿಗಳ ಜೊತೆ. ನಾರ್ವೆಯವರು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ, 2013ರಿಂದ ಎಂಆರ್‌ಎಸ್‌ಎ ಸಿಕ್ಕ ಫಾರಂನ ಹಂದಿಗಳನ್ನೆಲ್ಲಾ ತೆಗೆದು, ಗೂಡು ಶುದ್ಧಮಾಡಿ, ಹೊಸ ಹಂದಿ ತರಿಸುವ ನೀತಿ ತಂದರು. ನಮ್ಮಲ್ಲಿ ಹಾಗೆ ಮಾಡುವವರಿಲ್ಲ, ಮಾಡಿ ಎಂದು ಹೇಳುವುದೂ ಇಲ್ಲ. ಆದರೆ ಸಂತೆಯಿಂದ, ಗೊತ್ತಿಲ್ಲದ ಫಾರಂನಿಂದ ತಂದ ಹಂದಿಯನ್ನು ನೇರ ಗುಂಪಿಗೆ ಬಿಡಬೇಡಿ. ಒಂದು ತಿಂಗಳು ಬೇರೆ ಇಡಿ. ಅದರ ಕೆಲಸ ದಿನದ ಕೊನೆಗೆ ಮಾಡಿ. ತರುವ ಮುಂಚೆ 'ಮೇವಿಗೆ ಏನು ಬೆರೆಸ್ತೀರಿ' ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಹೋಟೆಲ್ ಮುಸುರೆ ತಂದು ಹಾಕುವವರು ಕನಿಷ್ಠ ಅರ್ಧ ಗಂಟೆ ಕುದಿಸಿಯೇ ಹಾಕಬೇಕು. ಹಂದಿ ಜ್ವರದ ಲಸಿಕೆ, ಕಾಲುಬಾಯಿ ಜ್ವರದ ಲಸಿಕೆ ತಪ್ಪಿಸಬೇಡಿ. ಇವು ವೈರಸ್‌ನಿಂದ ಬರುವ ರೋಗ, ಆಂಟಿಬಯೋಟಿಕ್ ಇವಕ್ಕೆ ನಾಟುವುದೇ ಇಲ್ಲ. 2022ರಲ್ಲಿ ಕೊಡಗಿನ ಪಕ್ಕದ ವಯನಾಡಿಗೆ ಬಂದ ಆಫ್ರಿಕನ್ ಹಂದಿ ಜ್ವರವೂ ವೈರಸ್ಸೇ. ಹಂದಿಗಳು ಜೋರು ಜ್ವರ ಬಂದು ಮೇಲಿಂದ ಮೇಲೆ ಸಾಯುತ್ತಿದ್ದರೆ ಮನೆಯಲ್ಲಿದ್ದ ಬಾಟಲಿ ಎಳೆದು ಚುಚ್ಚುತ್ತಾ ಕೂರಬೇಡಿ. ಪಶು ಇಲಾಖೆಗೆ ತಿಳಿಸಿ. ಸತ್ತ ಹಂದಿ, ಉಳಿದ ಹಂದಿ ಯಾವುದನ್ನೂ ಫಾರಂನಿಂದ ಹೊರಗೆ ಸಾಗಿಸಬೇಡಿ.

ಹಂತ 6: ರೋಗ ಬಂದೇ ಬಿಟ್ಟರೆ

ಇಷ್ಟೆಲ್ಲಾ ಮಾಡಿದರೂ ರೋಗ ಬರುತ್ತದೆ. ರೋಗ ಬಂದ ಪ್ರಾಣಿಗೆ ಆಂಟಿಬಯೋಟಿಕ್ ಬೇಕಿದ್ದರೆ ಕೊಡಲೇಬೇಕು. ಕೊಡದೆ ನರಳಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಆದರೆ ತೀರ್ಮಾನ ಪಶುವೈದ್ಯರದ್ದಾಗಲಿ, ಮೆಡಿಕಲ್ ಶಾಪಿನವರದ್ದು ಬೇಡ. ಹತ್ತಿರದಲ್ಲಿ ಆಸ್ಪತ್ರೆ ಇಲ್ಲದವರು 1962ಕ್ಕೆ ಫೋನ್ ಮಾಡಿ. ರಾಜ್ಯದ ಪಶು ಸಂಜೀವಿನಿ ಆಂಬುಲೆನ್ಸ್ ನಂಬರ್ ಅದು.

ರೋಗ ಬಂದ ಹಂದಿಯನ್ನು ಬೇರೆ ಮಾಡಿ, ಅದಕ್ಕಷ್ಟೇ ಔಷಧಿ. ಎಲ್ಲಕ್ಕೂ ನೀರಿನಲ್ಲಿ ಕಲಸಿ ಕೊಡುವುದರಲ್ಲಿ ಒಂದು ಎಡವಟ್ಟಿದೆ. ರೋಗ ಬಂದದ್ದು ನೀರು ಕುಡಿಯುವುದೇ ಕಡಿಮೆ. ಚೆನ್ನಾಗಿರುವುದು ಜಾಸ್ತಿ ಕುಡಿಯುತ್ತದೆ. ಬೇಕಾದದ್ದಕ್ಕೆ ಸಿಗದೆ ಬೇಡದ್ದಕ್ಕೆ ಸಿಗುತ್ತದೆ.

ಔಷಧಿ ಶುರು ಮಾಡುವ ಮುಂಚೆ ಮಾದರಿ ತೆಗೆಸಿ. ಇನ್ನೂ ಔಷಧಿ ಮುಟ್ಟಿಸದ ಮೂರು ನಾಲ್ಕು ಮರಿಗಳ ತಾಜಾ ಭೇದಿ ಅಥವಾ ಗುದದ ಸ್ವಾಬ್, ಐಸ್ ಡಬ್ಬಿಯಲ್ಲಿಟ್ಟು ಒಂದು ದಿನದೊಳಗೆ ಲ್ಯಾಬ್‌ಗೆ. ಫ್ರೀಜರ್‌ನಲ್ಲಿ ಗಟ್ಟಿ ಮಾಡಬೇಡಿ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು, ಪಶು ಆರೋಗ್ಯ ಸಂಸ್ಥೆ ಎರಡೂ ಇವೆ. ನಿಮಗೆ ಹತ್ತಿರದ ಲ್ಯಾಬ್ ಯಾವುದು, ಈ ಪರೀಕ್ಷೆ ಅಲ್ಲಿ ಆಗುತ್ತದಾ ಎಂದು ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿ. ಅಲ್ಲಿ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಮೇಲೆ ಬೇರೆ ಬೇರೆ ಔಷಧಿಯ ಸಣ್ಣ ಬಿಲ್ಲೆಗಳನ್ನು ಇಡುತ್ತಾರೆ. ಯಾವ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಖಾಲಿ ಉಂಗುರ ಅಗಲವಾಗಿ ಕಾಣುತ್ತದೋ ಆ ಔಷಧಿ ಕೆಲಸ ಮಾಡುತ್ತದೆ. ವರದಿಯಲ್ಲಿ 'ಎಸ್' ಎಂದಿದ್ದರೆ ಬಗ್ಗುತ್ತದೆ, 'ಆರ್' ಎಂದಿದ್ದರೆ ಬಗ್ಗುವುದಿಲ್ಲ, 'ಐ' ಎಂದರೆ ನಡುವಿನದು. ವರದಿಗೆ ಕೆಲವು ದಿನ ಬೇಕು. ಅಲ್ಲಿಯವರೆಗೆ ವೈದ್ಯರು ಏನಾದರೂ ಶುರು ಮಾಡಿರುತ್ತಾರೆ, ಆಮೇಲೆ ಬದಲಿಸಬಹುದು. ಈ ವರದಿಯನ್ನು ಬಿಸಾಡಬೇಡಿ. ಮುಂದಿನ ಸಲ ರೋಗ ಬಂದಾಗ ವೈದ್ಯರ ಕೈಗೆ ಕೊಡುವ ಮೊದಲ ಕಾಗದ ಅದೇ ಆಗಬೇಕು.

ಎನ್ರೋಫ್ಲಾಕ್ಸಸಿನ್, ಸೆಫ್ಟಿಯೋಫರ್ ಇಂಥವನ್ನು 'ಜೋರಾದ್ದೇ ಕೊಡಿ ಡಾಕ್ಟ್ರೇ' ಎಂದು ನೀವಾಗಿ ಕೇಳಬೇಡಿ. ಎನ್ರೋಫ್ಲಾಕ್ಸಸಿನ್ ಹಂದಿಯ ಮೈಯಲ್ಲಿ ಒಂದಿಷ್ಟು ಸಿಪ್ರೋಫ್ಲಾಕ್ಸಸಿನ್ ಆಗಿ ಬದಲಾಗುತ್ತದೆ. ನಮಗೆ ನಿಮಗೆ ಡಾಕ್ಟರು ಬರೆದುಕೊಡುವ ಸಿಪ್ರೋ ಅದೇ. ಇವು ಬೇರೆ ದಾರಿ ಇಲ್ಲದಾಗ ಬಳಸುವಂಥವು.

ತೂಕ ಅಂದಾಜಿನಲ್ಲಿ ಹೇಳುವುದು ಇನ್ನೊಂದು ತಪ್ಪು. ಕಡಿಮೆ ಹೇಳಿದರೆ ಕಡಿಮೆ ಔಷಧಿ, ಬ್ಯಾಕ್ಟೀರಿಯಾಕ್ಕೆ ಅದೇ ಬೇಕಾಗಿರುವುದು. ತಕ್ಕಡಿ ಇಲ್ಲದಿದ್ದರೆ ಟೈಲರ್ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಕಿವಿಗಳ ನಡುವಿನಿಂದ ಬಾಲದ ಬುಡದವರೆಗೆ ಉದ್ದ, ಎರಡನ್ನೂ ಮೀಟರ್‌ನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, ಆಮೇಲೆ 69.3ರಿಂದ ಗುಣಿಸಿ. ಸುತ್ತಳತೆ 0.9 ಮೀಟರ್, ಉದ್ದ 1 ಮೀಟರ್ ಇದ್ದರೆ ತೂಕ ಸುಮಾರು 56 ಕಿಲೋ. ಮೊಬೈಲ್‌ನಲ್ಲಿ ಲೆಕ್ಕ ಹಾಕಿದರೆ ಅರ್ಧ ನಿಮಿಷದ ಕೆಲಸ.

ವೈದ್ಯರು ಎಷ್ಟು ದಿನ ಹೇಳಿದರೋ ಅಷ್ಟೂ ದಿನ ಕೊಡಿ. ಎರಡನೇ ದಿನಕ್ಕೆ ಹಂದಿ ಎದ್ದು ಮೇಯಿತು ಎಂದು ಉಳಿದ ಔಷಧಿಯನ್ನು ಮುಂದಿನ ಸಲಕ್ಕೆ ಎತ್ತಿಡಬೇಡಿ. ಮೂರು ದಿನವಾದರೂ ಫಲ ಕಾಣದಿದ್ದರೆ ನೀವೇ ಪ್ರಮಾಣ ಏರಿಸದೆ ಫೋನ್ ಮಾಡಿ ಕೇಳಿ.

ಹಂತ 7: ಕಡಿಯುವ ಮುಂಚೆ ಕಾಯಬೇಕಾದ ದಿನಗಳು

ಕೊನೆಯ ಡೋಸ್ ಕೊಟ್ಟ ಮೇಲೆ ಔಷಧಿ ಮಾಂಸದಿಂದ ಇಳಿಯಲು ಬೇಕಾದ ದಿನಗಳನ್ನು ಬಾಟಲಿ ಮೇಲೆ ಬರೆದಿರಬೇಕು. ನಮ್ಮ ಔಷಧಿ ನಿಯಮದ ಪ್ರಕಾರ ಆ ಔಷಧಿಗೆ ಬೇರೆ ಅವಧಿ ಗೊತ್ತುಮಾಡದೇ ಇದ್ದರೆ, ಮಾಂಸಕ್ಕೆ ಕನಿಷ್ಠ 28 ದಿನ. ಮದುವೆ, ಹುತ್ತರಿ, ಕ್ರಿಸ್‌ಮಸ್ ಸಮಯದಲ್ಲಿ ಗಿರಾಕಿ ಬಾಗಿಲಿಗೆ ಬಂದು ನಿಂತಾಗ ಈ ಲೆಕ್ಕ ಮರೆಯುತ್ತದೆ. ಅದಕ್ಕೇ ಹಂದಿಗೆ ಕಿವಿ ನಂಬರ್ ಇರಲಿ, ನೋಟ್‌ಬುಕ್ಕಿನಲ್ಲಿ ಆ ನಂಬರಿನ ಮುಂದೆ ಔಷಧಿ, ಕೊಟ್ಟ ತಾರೀಕು, ಮಾರಬಹುದಾದ ತಾರೀಕು ಮೂರೂ ಇರಲಿ. ಔಷಧಿ ಕೊಟ್ಟ ಹಂದಿಯ ಬೆನ್ನಿಗೆ ಬಣ್ಣದ ಗೀಟು ಎಳೆದರೆ ಕೆಲಸದವರಿಗೂ ಗೊತ್ತಾಗುತ್ತದೆ.

ಒಂದು ಮಾತು. ಇಷ್ಟು ದಿನ ಕಾದರೆ ಮಾಂಸದಲ್ಲಿ ಔಷಧಿ ಉಳಿಯುವುದಿಲ್ಲ. ಬ್ಯಾಕ್ಟೀರಿಯಾ ಮಾತ್ರ ಉಳಿದಿರಬಹುದು. ಎರಡೂ ಬೇರೆ ವಿಷಯ. ಬ್ಯಾಕ್ಟೀರಿಯಾವನ್ನು ಬಿಸಿ ಕೊಲ್ಲುತ್ತದೆ. ಕಾಚಂಪುಳಿ ಹಾಕಿ ಗಂಟೆಗಟ್ಟಲೆ ಬೆಂದ ಪಂದಿ ಕರಿಯ ಬಗ್ಗೆ ಚಿಂತೆ ಬೇಡ. ಚಿಂತೆ ಇರುವುದು ಹಸಿ ಮಾಂಸ ಕೊಯ್ದ ಹಲಗೆ, ಚಾಕುವಿನ ಬಗ್ಗೆ. ಅದರಲ್ಲೇ ಸೌತೆಕಾಯಿ, ಈರುಳ್ಳಿ ಕೊಯ್ಯಬೇಡಿ.

ಹಂತ 8: ನಿಮ್ಮ ಮೈ, ನಿಮ್ಮ ಮನೆ

ಗೂಡಿಗೆ ಬೇರೆ ಬಟ್ಟೆ, ಬೇರೆ ಗಮ್‌ಬೂಟ್. ಅವು ಮನೆಯೊಳಗೆ ಬರಬಾರದು, ಮಕ್ಕಳ ಬಟ್ಟೆ ಜೊತೆ ಬಕೆಟ್ಟಿಗೆ ಬೀಳಬಾರದು. ಹೊರಗೆ ಬಂದ ತಕ್ಷಣ ಸೋಪು ಹಚ್ಚಿ ಮೊಣಕೈವರೆಗೆ ತೊಳೆಯಿರಿ. ಗೂಡಿನ ಬಾಗಿಲಲ್ಲೇ ನಲ್ಲಿ ಇದ್ದರೆ ತೊಳೆಯುತ್ತೀರಿ, ಮನೆಯ ಹಿಂದೆ ಇದ್ದರೆ ಮರೆಯುತ್ತೀರಿ. ಗೂಡಿನೊಳಗೆ ಬೀಡಿ, ಎಲೆ ಅಡಿಕೆ ಬೇಡ. ಕೈಯಲ್ಲಿ ಗಾಯ ಇದ್ದರೆ ನೀರು ಹೋಗದ ಪ್ಲಾಸ್ಟರ್ ಹಾಕಿ, ಮೇಲೆ ಗ್ಲೌಸ್ ಹಾಕಿ. ಗುಡಿಸುವಾಗ, ಹಿಂಡಿ ಸುರಿಯುವಾಗ ಮಾಸ್ಕ್. ಹಸಿ ಗೊಬ್ಬರವನ್ನು ನೇರ ತರಕಾರಿ ಗಿಡಕ್ಕೆ ಹಾಕದೆ ಗುಂಡಿಯಲ್ಲಿ ಚೆನ್ನಾಗಿ ಕಳಿಯಲು ಬಿಡಿ. ಗುಂಡಿ ಬಾವಿಯಿಂದ ದೂರ ಇರಲಿ.

ಒಮ್ಮೆ ಗೂಡಿಗೆ ಬಂದು ಹೋದ ನೆಂಟರ ಮೂಗಿನಲ್ಲಿ ಈ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ದಿನಾ ಗಂಟೆಗಟ್ಟಲೆ ಒಳಗೆ ಇರುವವರಲ್ಲಿ ನೆಲೆ ನಿಲ್ಲುತ್ತದೆ. ಹಾಗೆ ಇದ್ದ ಮಾತ್ರಕ್ಕೆ ಕಾಯಿಲೆ ಅಲ್ಲ. ಆರೋಗ್ಯವಾಗಿರುವವರು ಹೆದರಿ ಲ್ಯಾಬ್‌ಗೆ ಓಡಬೇಕಿಲ್ಲ, ನೀವಾಗಿ ಮಾತ್ರೆ ನುಂಗಿ ಓಡಿಸಲು ಹೋಗುವುದಂತೂ ಬೇಡವೇ ಬೇಡ. ಮರುದಿನ ಗೂಡಿಗೆ ಹೋದರೆ ಅದು ಮತ್ತೆ ಹತ್ತುತ್ತದೆ. ತೊಂದರೆ ಆಗುವುದು ಅದು ಗಾಯದೊಳಗೆ, ಆಪರೇಷನ್ ಹೊಲಿಗೆಯೊಳಗೆ, ರಕ್ತದೊಳಗೆ ಹೊಕ್ಕಾಗ. ಸಕ್ಕರೆ ಕಾಯಿಲೆ ಇದ್ದವರು, ಡಯಾಲಿಸಿಸ್ ಮಾಡಿಸುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಗೂಡಿನ ಕೆಲಸ ಬೇರೆಯವರಿಗೆ ಬಿಡುವುದು ಒಳ್ಳೆಯದು.

ಕೀವು ತುಂಬಿದ ಗುಳ್ಳೆ ಮತ್ತೆ ಮತ್ತೆ ಏಳುತ್ತಿದ್ದರೆ, ಗಾಯ ಕೆಂಪಾಗಿ ಬಿಸಿಯಾಗಿ ಹರಡುತ್ತಿದ್ದರೆ, ಜೊತೆಗೆ ಜ್ವರ ಬಂದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಹೋದಾಗ 'ನಾನು ಹಂದಿ ಸಾಕುತ್ತೇನೆ' ಎಂದು ಹೇಳಿ. ನಾಚಿಕೆಯಿಂದಲೋ, ಕೇಳಲಿಲ್ಲ ಅಂತಲೋ ಇದನ್ನು ಹೇಳದವರೇ ಜಾಸ್ತಿ. ನೆದರ್ಲೆಂಡ್ಸ್‌ನಲ್ಲಿ ಹಂದಿ ಸಾಕುವವರು ಆಸ್ಪತ್ರೆಗೆ ದಾಖಲಾಗುವಾಗ ಇದನ್ನು ಕೇಳಿಯೇ ಕೇಳುತ್ತಾರೆ, ಮೂಗಿನ ಸ್ವಾಬ್ ತೆಗೆದು ವರದಿ ಬರುವವರೆಗೆ ಬೇರೆ ಕೋಣೆಯಲ್ಲಿಡುತ್ತಾರೆ. ನಮ್ಮಲ್ಲಿ ಕೇಳುವುದು ಅಪರೂಪ. ಆಪರೇಷನ್, ಹೆರಿಗೆಗೆ ದಾಖಲಾಗುವ ಮುಂಚೆ ನೀವೇ ಹೇಳಿ. ಗುಳ್ಳೆಯ ಕೀವನ್ನು ಪರೀಕ್ಷೆಗೆ ಕಳಿಸಬಹುದಾ ಎಂದು ಕೇಳಿ. ಫಾರಂನಲ್ಲಿ ಇತ್ತೀಚೆಗೆ ಹಂದಿಗಳಿಗೆ ಕೊಟ್ಟ ಔಷಧಿಗಳ ಹೆಸರು ನೋಟ್‌ಬುಕ್ಕಿನಲ್ಲಿದೆ ಅಲ್ವಾ, ಆ ಪುಟದ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಂಡು ಹೋಗಿ.